ಮೂರೂಕಾಲು ಇಂಚು

2025 ಆಗಸ್ಟ್ 18, ಸೋಮವಾರ, ರಾತ್ರಿ
ವಿಜಯಪುರ

ಅರ್ಜಿಯ ಆರು ಕಾಲಮ್ಮುಗಳನ್ನು ಕೈ ತಡೆಯದೆ ತುಂಬಿದೆ. ಹೆಸರು, ಯು.ಎಸ್.ಎನ್. ಎಂಬ ವಿಶ್ವವಿದ್ಯಾಲಯದ ನಂಬರು, ಶಾಖೆ, ಸೆಮಿಸ್ಟರ್, ಈಗಿನ ಕಾಲೇಜು, ಸೇರಬಯಸುವ ಕಾಲೇಜು. ಏಳನೆಯದರ ಮುಂದೆ ಪೆನ್ನು ನಿಂತು ಒಂದು ತಾಸಿನ ಮೇಲಾಯಿತು. ‘ಕಾಲೇಜು ಬದಲಾವಣೆಗೆ ಕಾರಣ’ ಎಂದು ಅಚ್ಚಾಗಿದೆ. ಅದರ ಎದುರಿಗೆ ಒಂದೇ ಒಂದು ಗೆರೆ ಇದೆ.

ಶ್ರಾವಣದ ಕಡೆಯ ಸೋಮವಾರವಾದ್ದರಿಂದ ಸಿದ್ಧೇಶ್ವರ ಗುಡಿಗೆ ಹೊರಟ ಜನರ ನಡುವೆ ಆಟೋ ಸಿಕ್ಕಿಕೊಂಡು, ನಾನು ಇಲ್ಲಿಯ ಕಾಲೇಜಿನ ಕಚೇರಿ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ಗುಮಾಸ್ತರು ನನ್ನ ಅಂಕಪಟ್ಟಿಯ ಮೇಲಿನ ನಂಬರು ನೋಡಿದವರೇ, “ಒಂದರಿಂದ ಶುರು ಆಗೇತಲ್ಲವಾ, ಬೆಂಗಳೂರಾಕಿ ಏನು?” ಎಂದು ಕೇಳಿದರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಂಬರುಗಳಲ್ಲಿ ಬೆಂಗಳೂರು ಭಾಗದ ಕಾಲೇಜುಗಳಿಗೆ 1, ಬೆಳಗಾವಿ ಭಾಗದವಕ್ಕೆ 2, ಕಲಬುರಗಿಗೆ 3, ಮೈಸೂರಿಗೆ 4. ಇಲ್ಲೇ ಜೋರಾಪುರ ಪೇಟೆಯವಳು ಎಂದು ಹೇಳಿದಾಗ ಅವರು ಕನ್ನಡಕದ ಮೇಲಿನಿಂದ ನನ್ನನ್ನು ಇನ್ನೊಮ್ಮೆ ನೋಡಿದರು. ಕಾಲೇಜು ಬದಲಾದರೂ ನಂಬರು ಬದಲಾಗುವುದಿಲ್ಲವಂತೆ. ಸೀಟು ಸಿಕ್ಕರೆ ಇಲ್ಲಿಯ ಹಾಜರಿ ಪುಸ್ತಕದಲ್ಲಿ ಸಾಲುಸಾಲಾಗಿ ನಿಂತ 2ಗಳ ನಡುವೆ ನನ್ನದೊಂದು 1 ಇರುತ್ತದೆ, ಹೊಸ ಮೇಷ್ಟರು ಹೆಸರು ಕೂಗುವಾಗಲೆಲ್ಲ ಅಲ್ಲಿ ಒಂದು ಕ್ಷಣ ತಡೆಯುತ್ತಾರೆ.

ನಿಯಮಗಳನ್ನು ಅವರು ಸಮಾಧಾನದಿಂದಲೇ ಹೇಳಿದರು. ಅದೇ ಶಾಖೆಯಲ್ಲಿ, ಮಂಜೂರಾದ ಸಂಖ್ಯೆಯೊಳಗೆ ಸೀಟು ಖಾಲಿ ಇರಬೇಕು. ಬಿಡುವ ಕಾಲೇಜು ‘ಅಭ್ಯಂತರವಿಲ್ಲ’ ಎಂದು ಬರೆದುಕೊಡಬೇಕು, ಸೇರುವ ಕಾಲೇಜೂ ಬರೆದುಕೊಡಬೇಕು, ಆಮೇಲೆ ಬೆಳಗಾವಿಯಲ್ಲಿರುವ ವಿಶ್ವವಿದ್ಯಾಲಯ ಒಪ್ಪಬೇಕು. ಎಲೆಕ್ಟ್ರಾನಿಕ್ಸ್ ಶಾಖೆಯಲ್ಲಿ ಎರಡು ಸೀಟು ಉಳಿದಿವೆ. ಇದಿಷ್ಟನ್ನು ನಾನು ಸಂತೋಷದ ಸುದ್ದಿಯೆಂದೇ ಬರೆದುಕೊಳ್ಳಬೇಕು. ಏಳನೆಯ ಕಾಲಮ್ಮಿನ ಮೇಲೆ ನನ್ನ ಬೆರಳು ನಿಂತದ್ದನ್ನು ಕಂಡು, “ಕೌಟುಂಬಿಕ ಕಾರಣ ಅಂತ ಬರೀ ತಂಗಿ, ಎಲ್ಲಾರೂ ಅದನ್ನ ಬರೀತಾರ,” ಎಂದರು. ಅಲ್ಲಿಯೇ ಬರೆದು ಕೊಟ್ಟು ಬಂದಿದ್ದರೆ ಈ ರಾತ್ರಿ ನಿದ್ದೆ ಮಾಡಬಹುದಿತ್ತು. ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಎದ್ದು ಬಂದೆ.

ಬರೆಯಬೇಕಾದದ್ದು ಗೊತ್ತಿಲ್ಲವೆಂದಲ್ಲ. ಕಳೆದ ವರ್ಷ ದಸರೆಯ ರಜೆಗೆ ಬಂದಾಗ ಅಪ್ಪನ ಕಾಲು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಗಿರಾಕಿಗಳ ಹಬ್ಬದ ಬಟ್ಟೆ ಮುಗಿಸಲು ಹಗಲು ರಾತ್ರಿ ಮಶಿನ್ ತುಳಿದು ಬಾತಿವೆ ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಹತ್ತು ವರ್ಷದಿಂದ ಇದ್ದ ರಕ್ತದೊತ್ತಡಕ್ಕೆ ನೆನಪಾದ ದಿನ ಮಾತ್ರ ಗುಳಿಗೆ ನುಂಗಿದ್ದರ ಫಲವೆಂದು, ಎರಡೂ ಮೂತ್ರಪಿಂಡಗಳು ಹೋಗಿವೆಯೆಂದು ವೈದ್ಯರು ಹೇಳಿದ ಮೇಲೆ, ವಾರಕ್ಕೆ ಎರಡು ಸಲ ನಾಲ್ಕು ನಾಲ್ಕು ತಾಸಿನ ಡಯಾಲಿಸಿಸ್ ಆರಂಭವಾಯಿತು. ಮೊದಮೊದಲು ನಾನು ಹದಿನೈದು ದಿನಕ್ಕೊಮ್ಮೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಬಂದು ಹೋಗುತ್ತಿದ್ದೆ. ಬೆಳಗಿನಲ್ಲಿ ಆಲಮಟ್ಟಿಯ ಹತ್ತಿರ ಗಾಡಿ ಕೃಷ್ಣೆಯನ್ನು ದಾಟುವಾಗ ಮನೆಯಲ್ಲಿ ಏನು ಕಾದಿದೆಯೋ ಎಂದು ಹೊಟ್ಟೆ ಹಿಂಡುತ್ತಿತ್ತು. ನವೆಂಬರಿನಲ್ಲಿ ಬಂದವಳು ಹಿಂತಿರುಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಶೇ 85ರಷ್ಟು ಹಾಜರಿ ಬೇಕು. ಪ್ರಾಂಶುಪಾಲರ ಶಿಫಾರಸಿನ ಮೇಲೆ ಇನ್ನೂ ಶೇ 10ರಷ್ಟು ಮಾಫಿ ಸಿಗುತ್ತದೆ. ಅದರ ಕೆಳಗೆ ಇಳಿದವರನ್ನು ಯಾವ ಆಸ್ಪತ್ರೆಯ ಕಾಗದವೂ ಪರೀಕ್ಷೆಗೆ ಕೂಡಿಸಲಾರದು. ನನ್ನ ಹಾಜರಿ ಅರ್ಧಕ್ಕೆ ನಿಂತಿತ್ತು. ಮೂರನೆಯ ಸೆಮಿಸ್ಟರ್ ಹೀಗೆ ಹೋಯಿತು, ಅದರೊಂದಿಗೆ ಒಂದು ವರ್ಷ.

ಮಧ್ಯಾಹ್ನದ ಮಾತು ಬಿಡೋಣ. ಸಣ್ಣಕಾಕಾ ಬಂದಿದ್ದರು, ಎಂದಿನಂತೆ ಲಗ್ನದ ಮಾತೆತ್ತಿದರು, ಅವ್ವ ಎಂದಿನಂತೆ ಚಹಾ ಕೊಟ್ಟು ಕಳಿಸಿದಳು.

ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಅರ್ಜಿ ತೋರಿಸು ಎಂದರು. ಅವರು ಈಗ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂಡುತ್ತಾರೆ. ಡಯಾಲಿಸಿಸ್ಸಿನ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಆ ಕೈಯ ಮೇಲೆ ಬೆರಳಿಟ್ಟರೆ ಒಳಗೆ ಜೇನ್ನೊಣ ಗುಂಯ್‌ಗುಟ್ಟಿದಂತಾಗುತ್ತದೆ. ಆ ಕೈಯಿಂದ ಭಾರ ಎತ್ತುವಂತಿಲ್ಲ, ಅದಕ್ಕೆ ಬಿಪಿಯ ಪಟ್ಟಿ ಸುತ್ತುವಂತಿಲ್ಲ. ಬಲಗೈಯಿಂದ ಕಾಗದವನ್ನು ದೀಪದ ಹತ್ತಿರ ಹಿಡಿದು, ತುಟಿ ಅಲುಗಿಸುತ್ತ ಒಂದೊಂದೇ ಸಾಲು ಓದಿದರು. ಏಳನೆಯದಕ್ಕೆ ಬಂದಾಗ ಕೊರಳಲ್ಲಿದ್ದ ಟೇಪು ತೆಗೆದು ಖಾಲಿ ಗೆರೆಯ ಮೇಲೆ ಇಟ್ಟರು. ನಾನು ನಗುತ್ತೇನೆಂದು ಅವರು ಎಣಿಸಿರಬೇಕು.

“ಮೂರೂಕಾಲು ಇಂಚು. ಅಂಗಿ ಕಿಸೆಗೂ ಸಾಲೂದಿಲ್ಲ.”

ನಾನು ನಕ್ಕೆ. ಅವ್ವ ಒಳಗಿನಿಂದಲೇ, ಎಲ್ಲವನ್ನೂ ಬರೆದು ಬೇರೆ ಹಾಳೆ ಹಚ್ಚು, ಆಸ್ಪತ್ರೆಯ ಕಾಗದಗಳನ್ನೂ ಪಿನ್ನು ಹೊಡೆದು ಕೊಡು ಎಂದು ಕೂಗಿದಳು. ಆ ಕಾಗದಗಳೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಗಿಳಿಗೂಟಕ್ಕೆ ತೂಗಿವೆ. ಮನೆಯ ಕಾಗದಪತ್ರದಷ್ಟೇ ಜೋಪಾನವಾಗಿ ಅವಳು ಅವನ್ನು ತಾರೀಕಿನ ಪ್ರಕಾರ ಇಟ್ಟಿದ್ದಾಳೆ. ಅಪ್ಪ ಟೇಪು ಸುತ್ತುತ್ತ ಸುಮ್ಮನಿದ್ದರು. ಅದನ್ನು ಪೂರ್ತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

“ನನ್ನ ಜಡ್ಡಿನ ಹೆಸರು ಬರಿಬ್ಯಾಡವಾ. ಆ ಕಾಗದ ಬೆಂಗಳೂರಿಗೆ ಹೋಗತೈತಿ, ಬೆಳಗಾವಿಗೆ ಹೋಗತೈತಿ. ನಾ ನಿನ್ನ ಓದು ಕೆಡಿಸೀನಿ ಅಂತ ಊರೂರಿಗೆ ಬರದು ಕಳಿಸಿದಂಗ ಆಗತೈತಿ.”

ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಏನೋ ಹೇಳಬೇಕೆಂದವಳು ಹೇಳದೆ ಒಳಗೆ ಹೋದಳು. ನನಗೂ ಮಾತು ಬರಲಿಲ್ಲ. ಹಾಗೇನಿಲ್ಲ ಅಪ್ಪಾ ಎಂದು ತೊದಲಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. “ಹಾಂಗ ಐತಿ,” ಎಂದಷ್ಟೇ ಹೇಳಿ, ತಮ್ಮ ದಿನದ ನೀರಿನ ಲೋಟದಲ್ಲಿ ಉಳಿದಿದ್ದ ಎರಡು ಗುಟುಕನ್ನು ಕುಡಿಯದೆ, ಊಟದ ಹೊತ್ತಿಗಿರಲಿ ಎಂದು ತಟ್ಟೆ ಮುಚ್ಚಿಟ್ಟರು.

ಇಲ್ಲಿಯವರೆಗೆ ಬರೆದದ್ದನ್ನು ಓದಿದವರು ನನ್ನ ಮೇಲೆ ಕನಿಕರಪಟ್ಟಿರಬಹುದು. ಅದಕ್ಕಾಗಿಯೇ ಮುಂದಿನದನ್ನೂ ಬರೆಯಬೇಕಾಗಿದೆ.

ಮೊದಲ ಸೆಮಿಸ್ಟರಿನ ಗಣಿತದಲ್ಲಿ ನಾನು ನಪಾಸಾಗಿದ್ದೇನೆ. ಆ ಫಲಿತಾಂಶ ಬಂದದ್ದು 2024ರ ಮೊದಲ ತಿಂಗಳುಗಳಲ್ಲಿ, ಅಪ್ಪನ ಕಾಲು ಬಾಯುವುದಕ್ಕಿಂತ ಅರ್ಧ ವರ್ಷಕ್ಕೂ ಮುಂಚೆ. ಲಿಖಿತ ಪರೀಕ್ಷೆಯಲ್ಲಿ 100ಕ್ಕೆ 35 ಬೇಕಿತ್ತು, ನನಗೆ ಬಂದದ್ದು 33. ಎರಡೇ ಅಂಕ ಎಂದು ರೂಮಿನ ಗೆಳತಿ ಸಮಾಧಾನ ಮಾಡಿದಳು. ಮುಂದಿನ ಸಲ ಬರೆದಾಗ 29 ಬಂದಿತು. ಆಗ ಅವಳಿಗೂ ಸಮಾಧಾನ ಹೇಳಲಾಗಲಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಯಾವ ಕಷ್ಟವೂ ಇರಲಿಲ್ಲ. ಪ್ರತಿ ತಿಂಗಳ ಮೊದಲ ವಾರ ಅಪ್ಪ ದುಡ್ಡು ಹಾಕುತ್ತಿದ್ದರು, ಮೆಸ್ಸಿನಲ್ಲಿ ಊಟವಿತ್ತು, ಓದಲು ಮೇಜಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವಳಿಗೆ ಆ ವೇಗ ಹೊಸದಾಗಿತ್ತೆಂಬುದು ನಿಜ, ಆದರೆ ನನ್ನಂತೆಯೇ ಬಂದ ಹುಡುಗಿಯರು ಪಾಸಾದರು. ಅವರು ಎದ್ದು ನಿಂತು ಕೇಳುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು, ತಿಳಿಯದ್ದಕ್ಕೆಲ್ಲ ತಿಳಿಯಿತೆಂದು ತಲೆಯಾಡಿಸುತ್ತಿದ್ದೆ. ಕರ್ನಾಟಕದ ಮೇಷ್ಟರುಗಳಿಗೆಲ್ಲ ನನ್ನದೊಂದು ವಿನಂತಿ ಇದೆ: ತಲೆಯಾಡಿಸುವವರನ್ನೇ ಮೊದಲು ಎಬ್ಬಿಸಿ ಪ್ರಶ್ನೆ ಕೇಳಿರಿ.

ಮನೆಗೆ ಫೋನು ಮಾಡಿ ಎಲ್ಲದರಲ್ಲೂ ಪಾಸು ಎಂದು ಹೇಳಿದೆ. ಅಪ್ಪ ಆ ದಿನ ಅಂಗಡಿಯ ಮಗ್ಗುಲಿನವರಿಗೆಲ್ಲ ಪೇಢೆ ಹಂಚಿದರಂತೆ. ಆ ವಿಷಯ ಇಂದಿಗೂ ಬಾಕಿ ಇದೆ, ಗಣಿತದ ಲೆಕ್ಕದಲ್ಲಿಯೂ, ಮನೆಯ ಲೆಕ್ಕದಲ್ಲಿಯೂ.

ಅಪ್ಪನ ಕಾಯಿಲೆಯ ಹೆಸರು ಬರೆದರೆ ಅದರಲ್ಲಿ ಸುಳ್ಳಿಲ್ಲ. ಮೂರನೆಯ ಸೆಮಿಸ್ಟರ್ ಹೋದದ್ದು ಅದರಿಂದಲೇ. ಆದರೆ ಅರ್ಜಿಯ ಜೊತೆಗೆ ಅಂಕಪಟ್ಟಿಗಳೂ ಹೋಗುತ್ತವೆ, ಅಲ್ಲಿಯ ನಪಾಸು ಕೂಡ ಅದೇ ಕಾರಣದ ನೆರಳಿನಲ್ಲಿ ನಿಂತುಬಿಡುತ್ತದೆ, ಓದುವವರು ‘ಪಾಪ’ ಎಂದು ಸಹಿ ಹಾಕುತ್ತಾರೆ. ಗುಮಾಸ್ತರು ಹೇಳಿದ ಎರಡು ಪದಗಳನ್ನು ಬರೆದರೆ ಯಾರೂ ಏನೂ ಕೇಳಲಿಕ್ಕಿಲ್ಲ. ಇವೆರಡಕ್ಕಿಂತ ನನ್ನನ್ನು ಕಾಡುತ್ತಿರುವುದು ಬೇರೆ. ಮಗಳ ಓದು ಕೆಟ್ಟದ್ದೆಲ್ಲ ತಮ್ಮಿಂದಲೇ ಎಂದು ಅಪ್ಪ ಹತ್ತು ತಿಂಗಳಿಂದ ಹೊತ್ತುಕೊಂಡು ಕುಳಿತಿದ್ದಾರೆ, ಅದರಲ್ಲಿ ಒಂದು ಪಾಲನ್ನು ನಾನು ಒಂದೇ ಮಾತಿನಿಂದ ಇಳಿಸಬಹುದು. ಇಳಿಸದೆ ಇದ್ದೇನೆ. ಭಾರ ಎತ್ತಬೇಡಿರಿ ಎಂದು ಅವರ ಎಡಗೈಯಿಂದ ನೀರಿನ ಕೊಡ ಕಸಿದುಕೊಳ್ಳುವವಳು ನಾನೇ.

ತಮ್ಮ ಮಲಗಿದ್ದಾನೆ. ಹೊರಗಿನ ಖೋಲಿಯಲ್ಲಿ ಮಶಿನ್ನಿನ ಸದ್ದು ಇನ್ನೂ ಇದೆ. ಗಣೇಶ ಚೌತಿಗೆ ಒಂಬತ್ತು ದಿನ ಉಳಿದಿದೆ, ಯಾರದೋ ಮಕ್ಕಳ ಜುಬ್ಬಾ ಇರಬೇಕು. ಈಗ ಅವ್ವ ತುಳಿಯುತ್ತಾಳೆ, ಅಪ್ಪ ಪಕ್ಕದಲ್ಲಿ ಕುಳಿತು ಕತ್ತರಿಸುತ್ತಾರೆ. ಕಾಲಮ್ಮಿನಲ್ಲಿ ಪೆನ್ಸಿಲ್ಲಿನಿಂದ ‘ತಂದೆಯವರ’ ಎಂದು ಬರೆದು ಎರಡು ಸಲ ಅಳಿಸಿದ್ದೇನೆ. ಕಾಗದ ಅಲ್ಲಿ ಸ್ವಲ್ಪ ತೆಳುವಾಗಿದೆ.

ನಾಳೆ ಮಂಗಳವಾರ, ಅಪ್ಪನ ಸರದಿ. ನಾಲ್ಕು ತಾಸು ಅವರು ಎದ್ದು ಹೋಗುವಂತಿಲ್ಲ, ನಾನೂ ಪಕ್ಕದಿಂದ ಏಳುವಂತಿಲ್ಲ. ಸೂಜಿ ಚುಚ್ಚಿದ ಮೊದಲ ಅರ್ಧ ತಾಸಿನಲ್ಲಿ ಅವರು ಯಾರೊಂದಿಗೂ ಮಾತಾಡುವುದಿಲ್ಲ, ಕೊನೆಯ ತಾಸಿನಲ್ಲಿ ಕಾಲು ಸೆಳೆಯುತ್ತದೆ. ನಡುವೆ ಒಂದಿಷ್ಟು ಹೊತ್ತು ಸಿಗುತ್ತದೆ. ಮೊದಲು ಆ 33ರಿಂದ ಶುರು ಮಾಡಬೇಕೋ, ಇಲ್ಲವೆ ಪೇಢೆಯಿಂದಲೋ