ಒಬ್ಬನೇ ಕೂತು ಮಾಡಿದ ಟ್ರಯಲ್

ಬೋಟ್ ತಗೊಳ್ಳಲು ಬಂದವರೆಲ್ಲ ಕೇಳುವುದು ಒಂದೇ. "ಇಷ್ಟು ಅಡಿ ಬೋಟಿಗೆ ಎಷ್ಟು ಎಚ್‌ಪಿ ಹಾಕಿಸಲಿ?" ನಮ್ಮ ಸೇಲ್ಸ್ ಶೀಟಿನಲ್ಲಿ ಉತ್ತರ ರೆಡಿ ಇದೆ. ಒಂದು ಕಡೆ ಉದ್ದ, ಪಕ್ಕದಲ್ಲಿ ಎಚ್‌ಪಿ. 14 ಅಡಿ ಅಂದ್ರೆ 9.9, ಮುಗೀತು. ಬೋಟಿನಲ್ಲಿ ಜನ ಕೂರುತ್ತಾರೆ ಅನ್ನುವುದು ಆ ಶೀಟ್ ಮಾಡಿದವರಿಗೆ ಹೊಳೆದೇ ಇಲ್ಲ. ಈ ಶೀಟನ್ನು ಎಲ್ಲರಿಗಿಂತ ಜಾಸ್ತಿ ಬೈಯುತ್ತಿದ್ದವನು ನಾನೇ. ಅದಕ್ಕೆ ಸಹಿ ಹಾಕಿ ಕೊಟ್ಟವನೂ ನಾನೇ.

ಈ ಸಲದ್ದು 14 ಅಡಿ ಅಲ್ಯೂಮಿನಿಯಂ ಬೋಟ್, ಶೀಟ್ ಹೇಳಿದ ಹಾಗೆ 9.9 ಎಚ್‌ಪಿ ಎಂಜಿನ್. ವಿ ಹಲ್, ಅಂದ್ರೆ ತಳ ವಿ ಆಕಾರದ್ದು. ಖಾಲಿ ತೂಕ 110 ಕಿಲೊ. ಎಂಜಿನ್ ಕೂರಿಸುವ ಹಿಂಬದಿ ಗೋಡೆ, ಅಂದ್ರೆ ಟ್ರಾನ್ಸಮ್, 15 ಇಂಚು. ಅದಕ್ಕೆ ಹೊಂದುವ ಶಾರ್ಟ್ ಶಾಫ್ಟ್ ಎಂಜಿನ್. ಅದೆಲ್ಲ ಸರಿಯಾಗಿಯೇ ಇತ್ತು. ಟ್ರಯಲ್‌ಗೆ ಒಬ್ಬನೇ ಹೋದೆ, ಟ್ಯಾಂಕ್ ಅರ್ಧ. ಥ್ರಾಟಲ್ ತಿರುವಿದೆ, ಮೂತಿ ಎದ್ದಿತು, ಹಾಗೇ ಇಳಿದು ಪ್ಲೇನಿಗೆ ಬಂತು, ಅಂದ್ರೆ ನೀರಿನ ಮೇಲೆ ಎದ್ದು ಜಾರತೊಡಗಿತು. ಎಂಜಿನ್ ಸುತ್ತು ತೋರಿಸುವ ಟ್ಯಾಕೋದಲ್ಲಿ 5600 ಆರ್‌ಪಿಎಂ. ಜಾಬ್ ಕಾರ್ಡಿನಲ್ಲಿ ಓಕೆ ಅಂತ ಬರೆದೆ.

ಡೆಲಿವರಿ ದಿನ ಬೋಟ್ ಕೊಂಡ ಯಜಮಾನರು, ಅವರ ಹೆಂಡತಿ, ಬೆಳೆದ ಮಗ, ಜೊತೆಗೆ ನಾನು. ಟ್ಯಾಂಕ್ ಫುಲ್. ಬ್ಯಾಟರಿ, ಐಸ್ ಬಾಕ್ಸ್ ಎಲ್ಲ ಹಿಂದೆಯೇ. ಟಿಲ್ಲರ್, ಅಂದ್ರೆ ಬೋಟ್ ತಿರುಗಿಸುವ ಹಿಡಿ, ನನ್ನ ಕೈಯಲ್ಲಿತ್ತು. ಕಲಿಯಬೇಕಲ್ಲ ಅಂತ ಯಜಮಾನರೂ ನನ್ನ ಪಕ್ಕಕ್ಕೇ ಬಂದು ಕೂತರು. ಬೇಡ ಅನ್ನಲಿಲ್ಲ.

ಫುಲ್ ಥ್ರಾಟಲ್ ಕೊಟ್ಟೆ. ಮೂತಿ ಎದ್ದಿದ್ದು ಇಳಿಯಲೇ ಇಲ್ಲ. ಎದುರಿಗೆ ನೀರು ಕಾಣಿಸುತ್ತಿಲ್ಲ, ಬರೀ ಆಕಾಶ ಮತ್ತು ಮಗನ ಬೆನ್ನು. ಟ್ಯಾಕೋ 4400ರಲ್ಲಿ ಒದ್ದಾಡುತ್ತಿದೆ. ಆ ಎಂಜಿನ್ನಿಗೆ ಫುಲ್ ಥ್ರಾಟಲ್‌ನಲ್ಲಿ 5000ದಿಂದ 6000 ಬರಬೇಕು. ಅಷ್ಟು ಕಮ್ಮಿ ಬಂದರೆ ಎಂಜಿನ್ ತಡೆಯಲಾರದ ಭಾರ ಎಳೆಯುತ್ತಿದೆ ಅಂತ ಅರ್ಥ. ಅಲ್ಲೇ ನಿಧಾನವಾಗಿ ಇಳಿಸಿ ವಾಪಸ್ ಬರಬಹುದಿತ್ತು. ಯಜಮಾನರು ನನ್ನ ಮುಖ ನೋಡಿದರು. "ಹೊಸ ಎಂಜಿನ್ ಅಲ್ವಾ ಸಾರ್, ರನ್ನಿಂಗ್ ಇನ್ ಆಗ್ಬೇಕು" ಅಂದೆ. ರನ್ನಿಂಗ್ ಇನ್‌ಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಬಾಯಿಗೆ ಬಂದಿದ್ದು ಅದು.

ಇನ್ನೂ ಸ್ವಲ್ಪ ದೂರ ಹಾಗೇ ಎಳೆದೆ. ಮಗ ಇದ್ದಕ್ಕಿದ್ದಂತೆ ಕೂಗಿಕೊಂಡ. ಮೂತಿಯ ಆಚೆ ಒಬ್ಬರು ಕಯಾಕ್‌ನಲ್ಲಿ ಅಡ್ಡ ಬರುತ್ತಿದ್ದರು, ನನಗೆ ಕಂಡೇ ಇರಲಿಲ್ಲ. ಟಿಲ್ಲರ್ ಪಕ್ಕಕ್ಕೆ ದೂಡಿ ಥ್ರಾಟಲ್ ಒಂದೇ ಸಲಕ್ಕೆ ಪೂರ್ತಿ ಮುಚ್ಚಿದೆ. ಕಯಾಕ್ ಉಳಿಯಿತು. ಆದರೆ ಅಷ್ಟು ಹೊತ್ತು ನಾವೇ ಎಬ್ಬಿಸಿದ ಅಲೆ ಹಿಂದೆಯೇ ಬರುತ್ತಿತ್ತಲ್ಲ, ಅದು ನಿಲ್ಲುತ್ತದೆಯೇ? ಬೋಟ್ ಧೊಪ್ಪನೆ ಕೂತಿತು, ಅಲೆ ಟ್ರಾನ್ಸಮ್ ಹತ್ತಿ ಒಳಗೆ ಬಂತು. ಆಗ ಸ್ವಲ್ಪ ಥ್ರಾಟಲ್ ಕೊಟ್ಟು ಮುಂದೆ ಸರಿಯಬೇಕು. ನಾನು ಗಾಬರಿಯಲ್ಲಿ ನ್ಯೂಟ್ರಲ್‌ಗೆ ಹಾಕಿದೆ. ಎರಡನೇ ಅಲೆಯೂ ಬಂತು.

ಪಾದ ಮುಳುಗುವಷ್ಟು ನೀರು. ಪೆಟ್ರೋಲ್ ಟ್ಯಾಂಕ್ ತೇಲಿ ನನ್ನ ಮೊಣಕಾಲಿಗೆ ಬಂದು ತಾಗಿತು. ಯಜಮಾನರು ಎದ್ದು ನಿಲ್ಲಲು ಹೊರಟರು. ಭುಜ ಒತ್ತಿ ಕೂರಿಸಿದೆ. "ಬಗ್ಗಿಕೊಂಡೇ ಮುಂದೆ ಹೋಗಿ ಸಾರ್, ನಿಧಾನಕ್ಕೆ." ಅವರು ಮುಂದೆ ಸರಿದ ಹಾಗೆ ಹಿಂಭಾಗ ಎದ್ದಿತು, ಟ್ರಾನ್ಸಮ್ ನೀರಿನಿಂದ ಮೇಲೆ ಬಂತು. ನೀರೆತ್ತುವ ಬಕೆಟ್ ಮುಂದಿನ ಲಾಕರಿನಲ್ಲಿ, ಹಗ್ಗದ ಅಡಿಯಲ್ಲಿ. ಅವರ ಹೆಂಡತಿ ಒಂದು ಮಾತೂ ಆಡದೆ ಐಸ್ ಬಾಕ್ಸ್ ಮುಚ್ಚಳ ಕಿತ್ತುಕೊಂಡು ನೀರು ಚೆಲ್ಲತೊಡಗಿದರು. ಅವತ್ತು ಬೋಟಿನಲ್ಲಿ ಬುದ್ಧಿ ನೆಟ್ಟಗೆ ಇದ್ದವರು ಅವರೊಬ್ಬರೇ.

ಇಷ್ಟಾದ ಮೇಲೂ ನಾನು ಬೈದಿದ್ದು ಪ್ರೊಪೆಲ್ಲರನ್ನು. ಪಿಚ್ (ಒಂದು ಸುತ್ತಿಗೆ ಮುಂದೆ ತಳ್ಳುವ ದೂರ) 2 ಇಂಚು ಕಮ್ಮಿ ಇರುವುದನ್ನು ಹಾಕಿ, ಅಷ್ಟೇ ಭಾರ ಹೇರಿ ನೋಡಿದೆ. ಇಂಚಿಗೆ ಸುಮಾರು 200 ಆರ್‌ಪಿಎಂ ಏರುತ್ತದೆ, ಏರಿತು. 4800. ಬೋಟ್ ಮಾತ್ರ ಏಳಲಿಲ್ಲ.

ಆಮೇಲೆ ಪೆನ್ನು ಹಿಡಿದು ಕೂತೆ. ಬೋಟ್ 110, ಎಂಜಿನ್ 45, ನಾಲ್ಕು ಜನ 290, ಪೆಟ್ರೋಲ್, ಬ್ಯಾಟರಿ, ಸಾಮಾನು 40. ಒಟ್ಟು 485 ಕಿಲೊ. 9.9ಕ್ಕೆ ಭಾಗಿಸಿದರೆ ಎಚ್‌ಪಿಗೆ 49 ಕಿಲೊ. ಈ ಥರದ ಸಣ್ಣ ಬೋಟ್ ಪ್ಲೇನಿಗೆ ಬರಬೇಕಾದರೆ 20-25 ಕಿಲೊ ಒಳಗಿರಬೇಕು ಅನ್ನುವುದು ನಮ್ಮ ಶೆಡ್ಡಿನ ಲೆಕ್ಕ. ನಾನೊಬ್ಬನೇ ಕೂತಾಗ ಅದು ಸರಿಯಾಗಿ 25 ಇತ್ತು. ಅಂಚಿನಲ್ಲಿ ಪಾಸಾಗಿದ್ದನ್ನು ಡಿಸ್ಟಿಂಕ್ಷನ್ ಅಂದುಕೊಂಡಿದ್ದೆ.

ದೊಡ್ಡ ಎಂಜಿನ್ ಹಾಕಿದರೆ ಹಿಂದೆ ಭಾರ ಆಗುತ್ತದೆ ಅಂತ ಯಜಮಾನರಿಗೆ ನಾನೇ ಹೇಳಿದ್ದೆ. ಆ ಮಾತೂ ಇಲ್ಲಿ ಸುಳ್ಳು. ಸುಜುಕಿಯ ಡಿಎಫ್ 9.9ಬಿ, 15ಎ, 20ಎ ತಗೊಳ್ಳಿ, ಮೂರಕ್ಕೂ 327 ಸಿಸಿ ಬ್ಲಾಕೇ, ಅಂದ್ರೆ ಎಂಜಿನ್ನಿನ ಒಡಲು ಒಂದೇ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬೇರೆ ಕಂಪನಿಗಳಲ್ಲೂ ಹೀಗೆ ಜೋಡಿಗಳಿವೆ. ಬ್ಲಾಕ್ ಯಾವುದು ಅಂತ ನೋಡದೆ ತೂಕದ ಮಾತು ಆಡಲೇಬಾರದು.

ಮ್ಯಾನೇಜರ್ ಇನ್ನೊಂದು ತುದಿಗೆ ಹೋದರು. "40 ಎಚ್‌ಪಿ ಒಂದು ಸ್ಟಾಕಿನಲ್ಲಿ ಕೂತಿದೆ, ಅದನ್ನೇ ಹಾಕಿ ಕಳಿಸಿ." ಬೋಟಿನ ಪ್ಲೇಟಿನಲ್ಲಿ 25 ಅಂತಿದೆ, ಅದೂ ಗರಿಷ್ಠ. 40 ಅಂದರೆ ನೂರು ಕಿಲೊ ಹತ್ತಿರ. ನಿಂತಲ್ಲೇ ನೀರು ಒಳಗೆ ಬರುತ್ತಿತ್ತು. ಆಗುವುದಿಲ್ಲ ಅಂದೆ. ಕೊನೆಗೆ 20 ಹಾಕಿದೆವು, ಬ್ಯಾಟರಿ ಮತ್ತು ಟ್ಯಾಂಕ್ ಮುಂದಕ್ಕೆ ಸರಿಸಿದೆವು. ನಾಲ್ಕು ಜನರ ಜೊತೆಯೂ ಪ್ಲೇನಿಗೆ ಬಂತು. ಸ್ವಲ್ಪ ನಿಧಾನ, ಆದರೆ ಬಂತು.

ಹಾಗಂತ ಎಲ್ಲ ಬೋಟಿಗೂ ಎಚ್‌ಪಿ ಏರಿಸುವುದಲ್ಲ. ದುಂಡು ಹೊಟ್ಟೆಯ, ನೀರು ಸೀಳಿಕೊಂಡೇ ಹೋಗುವ ಬೋಟ್ ಇದ್ದರೆ ಲೆಕ್ಕವೇ ಬೇರೆ. ವಾಟರ್‌ಲೈನ್, ಅಂದ್ರೆ ನೀರಿನ ಮಟ್ಟದಲ್ಲಿ ಬೋಟಿನ ಉದ್ದ, 14 ಅಡಿ ಇದ್ದರೆ ಅದರ ವೇಗದ ಮಿತಿ 5 ನಾಟ್ (ಗಂಟೆಗೆ ಸುಮಾರು 9 ಕಿಲೊಮೀಟರ್) ಆಸುಪಾಸು. 4 ಎಚ್‌ಪಿಗೇ ಅಲ್ಲಿಗೆ ಮುಟ್ಟುತ್ತದೆ. 15 ಹಾಕಿದರೆ ಸುಮ್ನೆ ಪೆಟ್ರೋಲ್ ಸುಟ್ಟು ದೊಡ್ಡ ಅಲೆ ಎಬ್ಬಿಸಬಹುದು, ಅಷ್ಟೇ.

ಶೀಟಿನಲ್ಲಿ ಈಗ "ಎಷ್ಟು ಜನ" ಅಂತ ಹೊಸ ಕಾಲಂ ಬಂದಿದೆ, ನಾನೇ ಜಗಳ ಮಾಡಿ ಹಾಕಿಸಿದ್ದು. ಓಪನ್ ಮಾಡಿದರೆ ಅದರಲ್ಲಿ ಮೊದಲೇ 2 ಅಂತ ತುಂಬಿರುತ್ತದೆ. ಸೇಲ್ಸ್‌ನವರು ಯಾರೂ ಅದನ್ನು ಮುಟ್ಟುವುದಿಲ್ಲ.