ಏಳು ಮಾತ್ರೆಯ ಹಾಡುಗಳು: ಇಪಿ ಎಲ್ಲೀವರೆಗೂ ಬಂತು

ಮೂರನೇ ಹಾಡಿನ ವೋಕಲ್ ಮುಗೀತು. ಒಟ್ಟು ನಾಲ್ಕು ಹಾಡಿನ ಇಪಿ (ಆಲ್ಬಮ್ಮಿಗಿಂತ ಚಿಕ್ಕ ಸಂಗ್ರಹ), ಕೊನೇದರಲ್ಲಿ ಗಿಟಾರ್ ಆಗಿದೆ, ಖಂಜಿರ (ಕೈಯಲ್ಲಿ ಹಿಡಿದು ಬಾರಿಸೋ ಪುಟ್ಟ ತಾಳವಾದ್ಯ) ಆಗ್ಬೇಕು, ಹಾಡೋದು ಬಾಕಿ. ಹೋದ್ಸಲ ಒಂದು ತುಣುಕು ಕೇಳಿಸ್ದಾಗ ಫ್ರೆಂಡ್ಸೆಲ್ಲ ಒಂದೇ ಕಂಪ್ಲೇಂಟು, ನಿನ್ ಹಾಡಿಗೆ ಚಪ್ಪಾಳೆ ತಟ್ಟಕ್ಕೆ ಹೋದ್ರೆ ಕೈ ಎಲ್ಲೋ ಹೋಗತ್ತೆ ಕಣೇ ಅಂತ. ಹೋಗತ್ತೆ. ಏಳು ಮಾತ್ರೆ ಅದು, ಮೂರು ಪ್ಲಸ್ ನಾಲ್ಕು, ಮಾತ್ರೆ ಅಂದ್ರೆ ಒಂದು ಹ್ರಸ್ವ ಅಕ್ಷರ ಹೇಳೋವಷ್ಟು ಹೊತ್ತು. ಬೇಕಂತ ಕಷ್ಟ ಮಾಡಿದ್ದಲ್ಲ, ನಾನು ಏನೇ ಬರೆಯಕ್ಕೆ ಕೂತ್ರೂ ಅಲ್ಲಿಗೇ ಹೋಗಿ ನಿಲ್ಲತ್ತೆ, ಅದಕ್ಕೆ ಕಾರಣ ನಮ್ಮಜ್ಜ.

ನಮ್ಮೂರು ಶಿವಮೊಗ್ಗ. ಪಕ್ಕದಲ್ಲೇ ತುಂಗೆ ಆ ದಡ ಈ ದಡದಲ್ಲಿ ಮತ್ತೂರು, ಹೊಸಹಳ್ಳಿ, ಗಮಕಕ್ಕೆ, ಅಂದ್ರೆ ಕಾವ್ಯನ ರಾಗವಾಗಿ ಓದೋದಕ್ಕೆ, ಹೆಸರಾದ ಊರುಗಳು, 2022ರಲ್ಲಿ ಪದ್ಮಶ್ರೀ ಬಂದ ಎಚ್.ಆರ್. ಕೇಶವಮೂರ್ತಿಗಳು ಹೊಸಹಳ್ಳಿಯವರೇ. ನಮ್ಮಜ್ಜ ಅಂಥ ದೊಡ್ಡ ಗಮಕಿಯೇನಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಮನೇಲೇ ಕೂತು ಕುಮಾರವ್ಯಾಸ ಭಾರತ ಓದೋರು, ಪಕ್ಕದ್ಮನೆ ಮೇಷ್ಟ್ರು ಅರ್ಥ ಹೇಳೋರು, ವ್ಯಾಖ್ಯಾನ ಉದ್ದ ಆದ್ರೆ ನಾವು ಮಕ್ಕಳು ಅಲ್ಲೇ ನಿದ್ದೆ. ಕಥೆ ಎಷ್ಟು ತಲೆಗೆ ಹೋಯ್ತೋ ದೇವರಿಗೇ ಗೊತ್ತು. ಆದ್ರೆ ಅದರ ಆರು ಸಾಲಿನ ಪದ್ಯದ, ಅಂದ್ರೆ ಭಾಮಿನಿ ಷಟ್ಪದಿಯ ಓಟ ಕಿವೀಲಿ ಕೂತ್ಬಿಡ್ತು. ಮೊದಲೆರಡು ಸಾಲು 3-4-3-4, ಹದಿನಾಲ್ಕು ಮಾತ್ರೆ, ಮೂರನೇ ಸಾಲು ಬಂದಾಗ ಅದು ಬೆಳೆಯತ್ತೆ, ಮೂರು ಸಲ 3-4 ಆಗಿ ಕೊನೇಲಿ ಒಂದು ಗುರು (ಎರಡು ಮಾತ್ರೆಯ ಅಕ್ಷರ). ಆ ಉದ್ದನೇ ಸಾಲಿಗೆ ಅಜ್ಜ ಮುಂಚೇನೇ ಉಸಿರು ಎಳ್ಕೊಳ್ಳೋರು, ಅದು ಕೇಳಿಸೋದು ನಮಗೆ. ಗಮಕದಲ್ಲಿ ತಾಳ ಹಾಕಲ್ಲ, ಮೃದಂಗ ಗಿದಂಗ ಏನೂ ಇಲ್ಲ, ಸಾಹಿತ್ಯ ಹೇಗೆ ನಡೆಯತ್ತೋ ರಾಗ ಹಾಗೆ ನಡೆಯೋದು. ಆದ್ರೂ ಒಳಗೆ ಏಳರ ಲೆಕ್ಕ ಇದ್ದೇ ಇರತ್ತೆ.

ಆಮೇಲೆ ಎಲ್ಲರ ಥರ ಸಂಗೀತ ಕ್ಲಾಸು. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ ಅನ್ನೋ ಶುರುವಿನ ಪಾಠಗಳು, ಮೂರು ವೇಗದಲ್ಲಿ. ತ್ರಿಪುಟ ತಾಳದ ಅಲಂಕಾರ ಬಂದ್ರೆ ಖುಷಿ, ಅದೂ ಏಳಕ್ಷರ ಅಲ್ವಾ, ಮಿಸ್ ಹೇಳೋ ಮುಂಚೆ ಕೈಲಿ ತಾಳ ಹಾಕ್ತಿದ್ದೆ. ಜೂನಿಯರ್ ಪರೀಕ್ಷೆ ಪಾಸಾಯ್ತು, ಹತ್ತನೇ ಕ್ಲಾಸು ಬಂತು, ಸಂಗೀತ ನಿಂತೋಯ್ತು. ಈ ಕಥೆ ಕರ್ನಾಟಕದ ಅರ್ಧ ಹೆಣ್ಮಕ್ಕಳದ್ದು, ಮುಂದಕ್ಕೆ ಹೋಗೋಣ.

ಬೆಂಗಳೂರಿಗೆ ಇಂಜಿನಿಯರಿಂಗ್‌ಗೆ ಬಂದ್ಮೇಲೆ ಗಿಟಾರ್. ರಘು ದೀಕ್ಷಿತ್ ಅವರ 2008ರ ಮೊದಲ್ನೇ ಆಲ್ಬಂ ಹಾಸ್ಟೆಲಲ್ಲಿ ಕೇಳ್ದಾಗ, ಶರೀಫರ ತತ್ವಪದನ ಹೀಗೂ ಹಾಡ್ಬಹುದಾ, ಅಂದ್ರೆ ಸಿನಿಮಾದವರು ಕರೀಲಿ ಅಂತ ಕಾಯ್ದೇನೇ ಕನ್ನಡದಲ್ಲಿ ಹಾಡು ಮಾಡ್ಬಹುದು ಅನ್ನೋದು ತಲೆಗೆ ಹೋಯ್ತು. ಆಗ ಬರೆದಿದ್ದೇ ಈಗ ಇಪಿಯ ಮೊದಲ್ನೇ ಹಾಡು, ಅದರ ಎರಡು ಸಾಲು:

ತುಂಗೆ ದಡದಲಿ ನಿಂತ ದೋಣಿಗೆ
ಹಗ್ಗ ಕಟ್ಟಿದ ಕೈಯ ನೆನಪಿದೆ

ಎಣಿಸಿ ನೋಡಿ, 3-4-3-4. ಇದನ್ನ 4/4 (ನಾಲ್ಕು ನಾಲ್ಕರ ಲೆಕ್ಕದ) ಸ್ಟ್ರಮಿಂಗಿಗೆ ಕೂರಿಸಿದ್ರೆ ಲೆಕ್ಕಕ್ಕೇನೋ ಕೂರತ್ತೆ, ಹದಿನಾಲ್ಕು ಮಾತ್ರೆ ಹಾಡಿ ಎರಡು ಮಾತ್ರೆ ಸುಮ್ನಿದ್ರೆ ಹದಿನಾರು. ಆದ್ರೆ ಪದಗಳು ಶುರುವಾಗೋದು 1, 4, 8, 11ನೇ ಮಾತ್ರೇಲಿ, ಗಿಟಾರಿನ ಪೆಟ್ಟು ಬೀಳೋದು 1, 5, 9, 13ಕ್ಕೆ. ಅಂದ್ರೆ ‘ದಡದಲಿ’ಯಲ್ಲಿ ‘ಡ’ ಮೇಲೆ ಪೆಟ್ಟು, ‘ನಿಂತ’ದಲ್ಲಿ ‘ನಿಂ’ ಅರ್ಧಕ್ಕೆ ಬಂದಾಗ ಪೆಟ್ಟು. ಕೇಳಕ್ಕೆ ಯಾರೋ ಕನ್ನಡ ಬರದೇ ಇರೋರು ಹಾಡ್ದಂಗಿರತ್ತೆ. ಈಗಿನ ಎಷ್ಟೋ ಕನ್ನಡ ಇಂಡೀ ಹಾಡುಗಳಲ್ಲಿ ನಂಗೆ ಕಿರಿಕಿರಿ ಆಗೋದು ಇದೇ, ಟ್ಯೂನ್ ಚೆನ್ನಾಗಿರತ್ತೆ, ಪ್ರೊಡಕ್ಷನ್ ಸೂಪರ್, ಪದ ಮಾತ್ರ ಮುರ್ಕೊಂಡು ಬಿದ್ದಿರತ್ತೆ. ನಂಗಿಂತ ಚೆನ್ನಾಗಿ ಹಾಡೋರ ಬಗ್ಗೆನೇ ಹೇಳ್ತಿದೀನಿ, ಬೈಬೇಡಿ.

ಸೋ ಸ್ಟ್ರಮಿಂಗ್ ಬಿಟ್ಟು ತಕಿಟ ತಕಧಿಮಿ ಅಂತ ಬೆರಳಲ್ಲಿ ಮೀಟಕ್ಕೆ ಶುರು ಮಾಡ್ದೆ, ಮಿಶ್ರಛಾಪು ತಾಳ ಅನ್ಕೊಳಿ. ಟ್ಯೂನಿಂಗೂ ಬದಲಾಯಿಸ್ದೆ. ಡಿ-ಎ-ಡಿ-ಜಿ-ಎ-ಡಿ ಅಂತ ಒಂದು ಟ್ಯೂನಿಂಗ್ ಇದೆ, ನಮ್ ಕಣ್ಣಲ್ಲಿ ನೋಡಿದ್ರೆ ಅದು ಸ-ಪ-ಸ-ಮ-ಪ-ಸ ಅಷ್ಟೇ, ತಂಬೂರಿ ಮಡಿಲಲ್ಲೇ ಇದ್ದಂಗೆ. ಗಾಂಧಾರದ ತಂತಿ ಇಲ್ಲ, ಹಾಗಾಗಿ ಮೇಜರ್ರಾ ಮೈನರ್ರಾ ಅಂತ ಕಾರ್ಡ್ ಬಂದು ರಾಗದ ದಾರಿಗೆ ಅಡ್ಡ ನಿಲ್ಲಲ್ಲ. ಐದನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿದ್ರೆ ಷಡ್ಜ ಜಿ, ಅಂದ್ರೆ ಐದು ಮನೆ ಶ್ರುತಿ, ನನ್ ಗಂಟಲಿಗೆ ಸರಿಯಾದ ಜಾಗ. ಮೋಹನ ಥರದ ರಾಗ ಇದರಲ್ಲಿ ಆರಾಮು. ಮಾಯಾಮಾಳವಗೌಳದ ಆ ರಿಷಭಕ್ಕೆ ಮಾತ್ರ ತಂತಿ ಎಳೆದೂ ಎಳೆದೂ ಬೆರಳು ಕಿತ್ತೋಗತ್ತೆ, ಎರಡನೇ ಹಾಡು ತಡ ಆಗಿದ್ದು ಅದರಿಂದಾನೇ.

ಕೋರಸ್ಸಿಗೆ ಷಟ್ಪದಿಯ ಮೂರನೇ ಸಾಲನ್ನೇ ಎತ್ಕೊಂಡಿದೀನಿ, ನಾಲ್ಕು ಹಾಡಲ್ಲೂ. ಸಾಲು ಸಾಲಾಗಿ ಬಂದು ಆ ಉದ್ದನೇದು ತೆರ್ಕೊಂಡಾಗ ಕೇಳೋರಿಗೆ ಹೊಸ ಭಾಗ ಬಂತು ಅಂತ ತಾನಾಗೇ ಗೊತ್ತಾಗತ್ತೆ, ಡ್ರಮ್ಸ್ ಬೇಡ ಏನೂ ಬೇಡ. ಇನ್ನೂ ಬಗೆಹರೀದೇ ಇರೋದು ಆಡುಮಾತು. ‘ದಡದಲ್ಲಿ’ ಅಂದ್ರೆ ಒತ್ತಕ್ಷರದ ಹಿಂದಿನದು ಗುರು ಆಗಿ ಐದು ಮಾತ್ರೆ, ‘ದಡದಲಿ’ ಅಂದ್ರೆ ನಾಲ್ಕು ಸರಿ, ಆದ್ರೆ ಯಾರ್ ಹಾಗೆ ಮಾತಾಡ್ತಾರೆ? ನಾಲ್ಕನೇ ಹಾಡು ಪೂರ್ತಿ ನಮ್ಮನೆ ಮಾತಲ್ಲೇ ಬರೀತಿದೀನಿ, ಅದಕ್ಕೇ ಸಾಹಿತ್ಯ ಇನ್ನೂ ಮುಗಿದಿಲ್ಲ.

ರೆಕಾರ್ಡಿಂಗ್ ಮನೇಲೇ, ರೀಪರ್ ಸಾಫ್ಟ್‌ವೇರು, ಒಂದು ಕಂಡೆನ್ಸರ್ ಮೈಕು, ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದರ ಮುಂದೆ ನಿಂತು ಹಾಡೋದು. ತಾಳಕ್ಕೆ 7/8 (ಏಳರ ಲೆಕ್ಕ) ಇಟ್ಟು ಒಂದನೇ ಮತ್ತು ನಾಲ್ಕನೇ ಪೆಟ್ಟಿಗೆ ಜೋರು ಕ್ಲಿಕ್. ಗಾಡಿ ಸದ್ದಿಂದಾಗಿ ರಾತ್ರಿ ಹನ್ನೊಂದರ ಮೇಲೇ ಎಲ್ಲ.

ಸ್ಟೇಜಿನ ವಿಷಯ. ಓಪನ್ ಮೈಕ್‌ಗಳಲ್ಲಿ ಹಾಡ್ತಾ ಇದೀನಿ, ಸ್ವಂತ ಹಾಡು ಒಂದಾದ್ಮೇಲೆ ಗ್ಯಾರಂಟಿ ಯಾರಾದ್ರೂ ಸಿನಿಮಾ ಹಾಡು ಕೇಳ್ತಾರೆ, ನಗ್ತಾ ಇನ್ನೊಂದು ನಂದೇ ಹಾಡ್ತೀನಿ. ಜನಕ್ಕೆ ಏಳು ಮಾತ್ರೆ ಕಷ್ಟ ಅನ್ನೋದು ಸುಳ್ಳು. ಒಂದ್ಸಲ ಹಾಡೋ ಮುಂಚೆ ಎಲ್ಲರ ಕೈಲೂ ತಕಿಟ ತಕಧಿಮಿ ತಟ್ಟಿಸ್ದೆ, ಎರಡನೇ ಚರಣಕ್ಕೆ ಕೆಫೆಯ ಕಾಫಿ ಮಾಡೋ ಹುಡುಗನೂ ಕೌಂಟರ್ ಮೇಲೆ ಸರಿಯಾಗಿ ತಟ್ತಿದ್ದ. ಸ್ಟೇಜಲ್ಲಿ ಮನೆಯ ಕಂಡೆನ್ಸರ್ ಮೈಕ್ ನಡೆಯಲ್ಲ, ಮಾನಿಟರ್ ಸ್ಪೀಕರಿಂದ ಕುಂಯ್ ಅನ್ನತ್ತೆ, ಡೈನಮಿಕ್ ಮೈಕ್ ತುಟಿ ಹತ್ರ ಹಿಡ್ಕೊಂಡು ಹಾಡೋದು ಬೇರೆಯೇ ಅಭ್ಯಾಸ, ಗಮಕದ ಸಣ್ಣ ಉಸಿರೂ ಕೇಳಿಸ್ಬಿಡತ್ತೆ.

ದುಡ್ಡಿನ ಆಸೆ ಯಾರಿಗೂ ಬೇಡ, ಸ್ಪಾಟಿಫೈನಲ್ಲಿ 2024ರಿಂದ ಹನ್ನೆರಡು ತಿಂಗಳಲ್ಲಿ 1000 ಸ್ಟ್ರೀಮ್ ಆಗದಿರೋ ಹಾಡಿಗೆ ಏನೂ ಬರಲ್ಲ. ಆದ್ರೂ ಸಾಹಿತ್ಯ, ಸಂಗೀತ ಎರಡೂ ನಿಮ್ದೇ ಆಗಿದ್ರೆ ಐಪಿಆರ್‌ಎಸ್ (ಹಾಡು ಬರೆದೋರಿಗೆ, ಸಂಗೀತ ಮಾಡ್ದೋರಿಗೆ ರಾಯಲ್ಟಿ ಸಂಗ್ರಹಿಸಿ ಕೊಡೋ ಸಂಸ್ಥೆ) ಸದಸ್ಯತ್ವಕ್ಕೆ ಅರ್ಜಿ ಹಾಕಿಡಿ, ನಾನು ಹಾಕಿದೀನಿ.

ಖಂಜಿರದವರು ಮುಂದಿನ ಭಾನುವಾರ ಬರ್ತಾರೆ. ಅಷ್ಟ್ರೊಳಗೆ ನಾಲ್ಕನೇ ಹಾಡಿನ ಎರಡನೇ ಚರಣ ಮುಗಿಸ್ಬೇಕು, ‘ಹೋಗ್ಬಿಟ್ಟ’ ಅನ್ನೋದು ಐದು ಮಾತ್ರೆ ಆಗ್ತಿದೆ, ನಾಲ್ಕಕ್ಕೆ ಏನಾದ್ರೂ ಹೊಳೆದ್ರೆ ಹೇಳಿ.