ಯಾವ ಕಾಡಿಗೆ ಬಿಡ್ತೀರಿ?

ಈ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಲಿಫ್ಟು, ಬೋರ್‌ವೆಲ್ಲು, ಮೇಂಟೆನೆನ್ಸ್ ಬಾಕಿ ಎಲ್ಲ ಮುಗಿದ ಮೇಲೆ ಮಂಗದ ವಿಷಯ ಬಂತು. ನಾವಿರುವುದು ಮಂಗಳೂರಿನ ಕುಲಶೇಖರ ದಾಟಿ ವಾಮಂಜೂರಿನ ಕಡೆ ಹೋಗುವಲ್ಲಿ. ಹಿಂದೆ ಗುಡ್ಡ, ಗುಡ್ಡದ ತುಂಬ ಗೇರು, ಹಲಸು. ಅಲ್ಲಿಗೆ ಮಂಗ ಬರದೆ ಇನ್ನೇನು ಬರುತ್ತದೆ? ಆದರೆ ಕಳೆದ ವಾರ ಒಂದು ದೊಡ್ಡ ಗಂಡು ಮಂಗ ಮೂರನೇ ಮಾಳಿಗೆಯ ಹಿರಿಯರೊಬ್ಬರ ಕನ್ನಡಕವನ್ನು ಮೂಗಿನ ಮೇಲಿಂದಲೇ ಎತ್ತಿಕೊಂಡು ಹೋಗಿ ನೀರಿನ ಟ್ಯಾಂಕಿನ ಮೇಲೆ ಕೂತಿತು. ಕೂಗಿದರೂ ಇಲ್ಲ, ಕೋಲು ತೋರಿಸಿದರೂ ಇಲ್ಲ. ಕ್ರೀಮ್ ಬಿಸ್ಕೆಟ್ ಪ್ಯಾಕೆಟ್ ಎಸೆದ ಮೇಲೆಯೇ ಬಿಟ್ಟದ್ದು.

ಸೆಕ್ರೆಟರಿಯವರು ಎಲ್ಲ ಮೊದಲೇ ಏರ್ಪಾಡು ಮಾಡಿದ್ದರು. ಯಾರೋ ಹಿಡಿಯುವವರು ಸಿಕ್ಕಿದ್ದಾರಂತೆ. ಬೋನು ತಂದಿಡುತ್ತಾರಂತೆ. ಅಡ್ವಾನ್ಸ್ ಕೂಡ ಕೊಟ್ಟಾಗಿದೆಯಂತೆ. ಕೆಳಗಿನ ಮನೆಯ ವಕೀಲರು, "ಅರಣ್ಯ ಇಲಾಖೆಯವರ ಅನುಮತಿ ಉಂಟಾ?" ಅಂದರು. "ಅದೆಲ್ಲ ಅವರೇ ನೋಡಿಕೊಳ್ತಾರೆ ಮಾರಾಯ್ರೆ, ಹಿಡಿದು ಕಾಡಿಗೆ ಬಿಟ್ಟು ಬರ್ತಾರೆ" ಅಂದರು ಸೆಕ್ರೆಟರಿ. ಎಲ್ಲರಿಗೂ ಸಮಾಧಾನವಾಯಿತು. ಕುರ್ಚಿ ಹಿಂದೆ ಸರಿಸುವ ಸದ್ದು ಶುರುವಾಗಿತ್ತು.

ಆಗ ಚಹಾದ ಲೋಟ ಒಟ್ಟುಮಾಡುತ್ತಿದ್ದ, ನಮ್ಮಲ್ಲಿ ಗುಡಿಸಿ ಒರೆಸುವ ಅಕ್ಕ ಕೇಳಿದರು.

"ಯಾವ ಕಾಡಿಗೆ?"

"ಕಾಡಿಗೆ ಅಂದ್ರೆ ಕಾಡಿಗೆ. ಘಾಟಿಯಲ್ಲಿ."

"ಯಾವ ಘಾಟಿಯಲ್ಲಿ?"

"ಬಜಗೋಳಿ ದಾಟಿದ್ರೆ ಮೇಲೆ ಎಲ್ಲ ಕಾಡೇ ಅಲ್ವಾ. ಮಾಳದ ಕಡೆ."

"ಮಾಳದಲ್ಲಿ ನನ್ನ ಅಮ್ಮನ ಮನೆ ಉಂಟು."

ಅಷ್ಟೇ. ದನಿ ಏರಿಸಲಿಲ್ಲ, ಜಗಳದ ಮುಖವೂ ಇಲ್ಲ. ಹೇಳಿ ಲೋಟದ ಟ್ರೇ ಎತ್ತಿಕೊಂಡು ಹೋದರು. ಸೆಕ್ರೆಟರಿ ಮೊಬೈಲ್ ನೋಡತೊಡಗಿದರು. ಅವರು ಕೆಟ್ಟವರೇನೂ ಅಲ್ಲ. ನೀರು ನಿಂತರೆ ರಾತ್ರಿ ಎದ್ದು ಮೋಟಾರಿನ ಹತ್ತಿರ ಹೋಗುವ ಮನುಷ್ಯ. ಆದರೆ ಇದೇ ಮನುಷ್ಯ ಬಂಟ್ವಾಳದ ಬಂಡೆಯ ಮೇಲಿನ ಕಾರಿಂಜ ದೇವಸ್ಥಾನಕ್ಕೆ ಹೋದಾಗ, ಅಲ್ಲಿ ಪೂಜೆಯ ನಂತರ ಮಂಗಗಳಿಗೆ ಅನ್ನ ಹಾಕುವುದನ್ನು ನೋಡಿ ಕೈ ಮುಗಿದು, ತಾನೂ ಬಾಳೆಹಣ್ಣು ಹಿಡಿದು ಫೋಟೋ ತೆಗೆಸಿಕೊಂಡು ಬಂದದ್ದು ನಮಗೆಲ್ಲ ಗೊತ್ತುಂಟು. ಗ್ರೂಪಿಗೆ ಹಾಕಿದ್ದರು. ಬಂಡೆಯ ಮೇಲೆ ಕೂತರೆ ದೇವರು, ಟ್ಯಾಂಕಿನ ಮೇಲೆ ಕೂತರೆ ಕಳ್ಳ.

ಮಾರನೇ ದಿನ ಮೆಟ್ಟಿಲಲ್ಲಿ ಅಕ್ಕ ಸಿಕ್ಕಾಗ ಕೇಳಿದೆ. ಅವರು ಬಹಳ ಹೊತ್ತು ಮಾತಾಡಿದರು. ಊರಿನಲ್ಲಿ ಅವರ ತಮ್ಮ ತೆಂಗು, ಬಾಳೆ, ಸ್ವಲ್ಪ ಕೊಕ್ಕೊ ಮಾಡಿಕೊಂಡಿದ್ದಾನೆ. ಮಂಗ ಬೊಂಡಕ್ಕೆ ತೂತು ಮಾಡಿ ಕುಡಿದು ಬಿಸಾಡುತ್ತದೆ. ಕೊಕ್ಕೊ ಕಾಯಿ ಕಚ್ಚಿ ಒಳಗಿನ ಸಿಹಿ ಚೀಪಿ ಬೀಜ ಉಗಿಯುತ್ತದೆ. ಇದೆಲ್ಲ ಮೊದಲಿಂದಲೂ ಇದ್ದದ್ದು, ಅದಕ್ಕೆ ಬೇಜಾರಿಲ್ಲ ಅಂದರು. ಬೇಜಾರು ಬೇರೆ. "ಊರಿನ ಮಂಗ ಮನುಷ್ಯನನ್ನು ಕಂಡ್ರೆ ಓಡ್ತದೆ ಅಕ್ಕ. ಈ ಪೇಟೆಯಿಂದ ತಂದು ಬಿಡುವ ಮಂಗ ಓಡುವುದಿಲ್ಲ. ಕೈ ನೋಡ್ತದೆ." ರಾತ್ರಿ ಗಾಡಿ ಬಂದು ನಿಲ್ಲುತ್ತದಂತೆ. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಗುರುತಿಲ್ಲದ ಮಂಗಗಳು. ಮರ ಹತ್ತುವುದು ಬಿಟ್ಟು ಸೀದಾ ಅಡುಗೆಮನೆಗೆ ಬರುತ್ತವೆ, ಡಬ್ಬದ ಮುಚ್ಚಳ ತೆಗೆಯುತ್ತವೆ.

ಕೈ ನೋಡ್ತದೆ. ಈ ಮಾತು ತಲೆಯಿಂದ ಹೋಗಲೇ ಇಲ್ಲ. ಕೈ ನೋಡಲು ಕಲಿಸಿದವರು ಯಾರು? ನಮ್ಮದೇ ಬಿಲ್ಡಿಂಗಿನಲ್ಲಿ ಶನಿವಾರ ಶನಿವಾರ ಟೆರೇಸಿನ ಮೇಲೆ ಬಾಳೆಹಣ್ಣು ಇಡುವ ಆಂಟಿ ಒಬ್ಬರಿದ್ದಾರೆ, ಹನುಮಂತನಿಗೆ ಅಂತ. ಸೋಮವಾರ ಅದೇ ಮಂಗ ಅದೇ ಜಾಗಕ್ಕೆ ಬಂದು ಏನೂ ಸಿಗದೆ ಅವರ ಬಾಲ್ಕನಿಗೆ ಇಳಿದರೆ, ಮೊದಲು ಕಿರುಚುವುದೂ ಅವರೇ. ಮಂಗಕ್ಕೆ ವಾರ ಗೊತ್ತಾಗಬೇಕಿತ್ತು ಅಂತ ಕಾಣುತ್ತದೆ.

ಇಂಡೋನೇಷ್ಯಾದ ಬಾಲಿಯಲ್ಲಿ ಉಲುವಾಟು ಅಂತ ಒಂದು ದೇವಸ್ಥಾನ ಇದೆ. ಅಲ್ಲಿನ ಮಂಗಗಳು ಪ್ರವಾಸಿಗರ ಕನ್ನಡಕ, ಟೋಪಿ, ಮೊಬೈಲು ಕಿತ್ತುಕೊಂಡು ತಿಂಡಿ ಕೊಟ್ಟರೆ ಮಾತ್ರ ವಾಪಸ್ ಕೊಡುತ್ತವೆ. ಅದರ ಮೇಲೆ 2021ರಲ್ಲಿ ಒಂದು ಅಧ್ಯಯನ ಬಂದಿತ್ತು. ದೊಡ್ಡ ಮಂಗಗಳಿಗೆ ಯಾವ ವಸ್ತು ಕದ್ದರೆ ಜಾಸ್ತಿ ಸಿಗುತ್ತದೆ ಅನ್ನುವುದೂ ಗೊತ್ತಂತೆ, ಮರಿಗಳಿಗೆ ಇನ್ನೂ ಅಷ್ಟು ಗೊತ್ತಾಗುವುದಿಲ್ಲವಂತೆ. ಅಂದರೆ ಇದು ಹುಟ್ಟುಬುದ್ಧಿ ಅಲ್ಲ, ನೋಡಿ ಕಲಿಯುವ ವ್ಯಾಪಾರ. ನಮ್ಮ ಟ್ಯಾಂಕಿನ ಮೇಲಿನವನೂ ಅದನ್ನೇ ಮಾಡಿದ್ದು. ನಾವು ಬಿಸ್ಕೆಟ್ ಎಸೆದು ರೇಟು ಫಿಕ್ಸ್ ಮಾಡಿಕೊಟ್ಟೆವು.

ಅದು ನಮ್ಮನ್ನು ಇಷ್ಟು ಓದಿಕೊಂಡಿದೆ, ನಮಗೆ ಅದರ ಮುಖವೇ ಅರ್ಥ ಆಗುವುದಿಲ್ಲ. ಮಂಗ ಹಲ್ಲು ಕಿರಿದರೆ ಮಕ್ಕಳು "ನಗ್ತಿದೆ ನಗ್ತಿದೆ" ಅಂತ ಕುಣಿಯುತ್ತಾರೆ. ಅದು ಹೆಚ್ಚಾಗಿ ಹೆದರಿಕೆ, ಅಥವಾ 'ನಾನು ನಿನಗಿಂತ ಸಣ್ಣವನು ಬಿಡು' ಅನ್ನುವುದು. ಬಾಯಿ ತೆರೆದು ದಿಟ್ಟಿಸಿ ನೋಡಿದರೆ ಬೆದರಿಕೆ. ನಾವು ಮೊಬೈಲ್ ಹಿಡಿದು ಅದರ ಕಣ್ಣಿಗೆ ಕಣ್ಣಿಟ್ಟು ನಿಂತರೆ ಅದರ ಲೆಕ್ಕದಲ್ಲಿ ನಾವು ಜಗಳಕ್ಕೆ ಕರೆದ ಹಾಗೆ. ಆಮೇಲೆ ಮೈಮೇಲೆ ಬಂತು ಅಂತ ದೂರು.

ಮೀಟಿಂಗಿನಲ್ಲಿ ಒಬ್ಬರು ಮಂಗನ ಕಾಯಿಲೆಯ ಹೆದರಿಕೆಯನ್ನೂ ಹುಟ್ಟಿಸಿದರು. ಆ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಮೊದಲು ಕಂಡದ್ದು ಹೌದು. ಆದರೆ ನಮಗೆ ಅಂಟಿಸುವುದು ಉಣ್ಣೆ, ಕಾಡಿನಲ್ಲಿ ಕಚ್ಚುವ ಆ ಸಣ್ಣ ಹುಳ. ಮಂಗವೂ ಅದೇ ಕಾಯಿಲೆಯಿಂದ ಸಾಯುತ್ತದೆ. ಹೆಸರು ಮಾತ್ರ ಅದರ ತಲೆಗೆ ಬಂತು. ಇನ್ನೊಬ್ಬರು, "ಇಲ್ಲೇ ಪಿಲಿಕುಳದ ಝೂಗೆ ಕೊಟ್ಟರೆ ಆಯ್ತಲ್ಲ" ಅಂದರು. ಪಿಲಿಕುಳ ಏನು ಮಂಗಗಳ ಹಾಸ್ಟೆಲ್ಲಾ?

ಇನ್ನು ಹಿಡಿಯುವ ವಿಷಯ. ನಮ್ಮಲ್ಲಿ ಬರುವುದು ತಲೆಯ ಮೇಲೆ ಕೂದಲನ್ನು ಟೋಪಿ ಹಾಗೆ ಹರಡಿಕೊಂಡ ಕೆಂಪು ಮೋರೆಯ ಮಂಗ, ನಮ್ಮ ದೇಶ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಇಲ್ಲದ ಜಾತಿ. ಇದರ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಕೊನೆಯವರೆಗೆ ಇರುತ್ತವೆ, ತಾಯಿ, ಮಗಳು, ಮೊಮ್ಮಗಳು ಒಟ್ಟಿಗೆ. ಗಂಡುಗಳು ದೊಡ್ಡದಾದ ಮೇಲೆ ಬೇರೆ ಗುಂಪು ಹುಡುಕಿಕೊಂಡು ಹೋಗುತ್ತವೆ. ಬೋನಿಗೆ ಬಿದ್ದಷ್ಟನ್ನು ಗಾಡಿಗೆ ಹಾಕಿ ಕತ್ತಲಲ್ಲಿ ಘಾಟಿಯಲ್ಲಿ ಇಳಿಸಿದರೆ, ಅಲ್ಲಿ ಮೊದಲೇ ಇನ್ನೊಂದು ಗುಂಪು ಇರುತ್ತದೆ, ಅದರ ಜಾಗ ಅದರದ್ದು. ಓಡಿಸಿಕೊಂಡವು ಎಲ್ಲಿಗೆ ಹೋಗಬೇಕು? ಎಲ್ಲಿ ಹೆಂಚು ಕಾಣುತ್ತದೋ ಅಲ್ಲಿಗೆ. ಅಕ್ಕನ ಅಮ್ಮನ ಮನೆಗೆ.

"ಕಾಡೇ ಅಲ್ವಾ" ಅಂದರಲ್ಲ, ಅದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಎಷ್ಟು ಸಲೀಸಾಗಿ ಬಂತು ಬಾಯಿಂದ. ಮಂಗಳೂರಿನವರಾದ ನಮಗೆ ಈ ಅಭ್ಯಾಸ ಹೊಸದಲ್ಲ. ನಮ್ಮ ಕಸ ಎಲ್ಲಿಗೆ ಹೋಗುತ್ತದೆ? ಪಚ್ಚನಾಡಿಗೆ. ಪಚ್ಚನಾಡಿ ಅಂದರೆ ಖಾಲಿ ಜಾಗ ಅಂತಲೇ ಇದ್ದೆವು. 2019ರ ಆಗಸ್ಟ್ ಮಳೆಯಲ್ಲಿ ಆ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ತೆಂಗು, ಅಡಿಕೆ ತೋಟಗಳನ್ನು ನುಂಗಿ, ಜನ ಮನೆ ಬಿಟ್ಟು ಹೋಗಬೇಕಾದಾಗ ಗೊತ್ತಾಯಿತು, ಅಲ್ಲೂ ಮನೆಗಳಿದ್ದವು ಅಂತ. ನಮ್ಮ ಬಿಲ್ಡಿಂಗಿನಿಂದ ಅದು ಏನು ದೂರ? ಆದರೂ ಇವತ್ತಿಗೂ ಡಸ್ಟ್‌ಬಿನ್ನಿನ ಮುಚ್ಚಳ ಹಾಕಿ ಅಂದರೆ ಅರ್ಧ ಜನ ಹಾಕುವುದಿಲ್ಲ. ಮಂಗಗಳಿಗೆ ಅದೇ ಊಟದ ಮನೆ. ಒಂದೇ ಉಸಿರಿಗೆ ಕೆನ್ನೆಯ ಚೀಲದಲ್ಲಿ ತುಂಬಿಸಿಕೊಂಡು ಗೋಡೆ ಹತ್ತಿ ನಿಧಾನಕ್ಕೆ ಜಗಿಯುತ್ತವೆ. ಬೋನಿನ ಖರ್ಚಿನಲ್ಲಿ ಎಲ್ಲ ಮನೆಗೂ ಗಟ್ಟಿ ಮುಚ್ಚಳದ ಡಬ್ಬ, ಬಾಲ್ಕನಿಗೆ ಬಲೆ ಬರುತ್ತಿತ್ತು. ಅದನ್ನು ಗ್ರೂಪಿನಲ್ಲಿ ಬರೆದೆ. ಮೂರು ಹೆಬ್ಬೆರಳು ಬಂತು, ಅದರಲ್ಲಿ ಒಂದು ವಕೀಲರದ್ದು.

ಬೋನಿನವನು ಬುಧವಾರ ಬರಬೇಕಿತ್ತು, ಬರಲಿಲ್ಲ. ವಕೀಲರು ಅನುಮತಿ ಪತ್ರ ತೋರಿಸು ಅಂತ ಫೋನಿನಲ್ಲಿ ಕೇಳಿದರಂತೆ, ಆಮೇಲೆ ಅವನ ಫೋನ್ ಸ್ವಿಚ್ ಆಫ್. ಅಡ್ವಾನ್ಸ್ ಹೋಯಿತು. ಅದನ್ನು ಸೆಕ್ರೆಟರಿ ಕೊಡಬೇಕಾ, ಅಸೋಸಿಯೇಷನ್ ಕೊಡಬೇಕಾ ಅಂತ ಈಗ ಜೋರು ಚರ್ಚೆ ನಡೆಯುತ್ತಿದೆ. ಮುಂದಿನ ಭಾನುವಾರ ಅದಕ್ಕೇ ಇನ್ನೊಂದು ಮೀಟಿಂಗ್ ಇಟ್ಟಿದ್ದಾರೆ.